ಸಹಿ ಹಾಕಿದ್ದಕ್ಕೆ ವಾಪಸ್ ಕಳಿಸ್ತಾರಾ?

ದಾವಣಗೆರೆ

ಚಿ. ಸ್ಫೂರ್ತಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಅಮೆರಿಕದಿಂದ ನೀನು ಬರೆದ ಪತ್ರದ ಕೊನೆಗೆ ಅವಸರದಲ್ಲಿ ಸೇರಿಸಿದಂತಿದ್ದ ಎರಡು ಸಾಲು ನನ್ನ ತಲೆಯಿಂದ ಹೋಗುತ್ತಿಲ್ಲ. ಕ್ಯಾಂಪಸ್ ಪತ್ರಿಕೆಯ ಒಂದು ಮನವಿಗೆ ಸಹಿ ಹಾಕಿದ್ದೆ, ಅದಕ್ಕೆ ನನ್ನನ್ನು ವಾಪಸ್ ಕಳಿಸಿಬಿಡ್ತಾರಾ ಮಾವ ಅಂತ ಒಂದು. ಈಗ ಸೆಮಿನಾರಿನಲ್ಲೂ ಬಾಯಿ ತೆಗೆಯೋದು ಬಿಟ್ಟಿದ್ದೀನಿ ಅಂತ ಇನ್ನೊಂದು. ಮೊದಲನೆಯದಕ್ಕೆ ಕಾನೂನಿನಲ್ಲಿ ಅಷ್ಟಿಷ್ಟು ಉತ್ತರ ಇದೆ. ಎರಡನೆಯದೇ ನನ್ನನ್ನು ಹೆಚ್ಚು ಕಾಡಿದ್ದು.

ಮೊದಲೇ ಹೇಳಿಬಿಡುತ್ತೇನೆ, ನಾನು ಈ ಊರಿನ ಕೋರ್ಟಿನಲ್ಲಿ ಪಾಲು, ಬಾಡಿಗೆ, ಹದ್ದುಬಸ್ತಿನ ಕೇಸು ನಡೆಸುವವನು. ಅಮೆರಿಕದ ವಲಸೆ ಕಾನೂನನ್ನು ಓದಿಕೊಂಡಿದ್ದೇನೆ, ಅಲ್ಲಿ ವಾದ ಮಾಡಿದವನಲ್ಲ. ಇಲ್ಲಿ ಬರೆದದ್ದನ್ನು ನಿಮ್ಮ ವಿಶ್ವವಿದ್ಯಾಲಯದ ಲೀಗಲ್ ಕ್ಲಿನಿಕ್‌ನವರಿಗೆ ತೋರಿಸಿ ಖಚಿತ ಮಾಡಿಕೋ.

ಸಹಿಗಾಗಿ ಕಳಿಸಲು ಬರುತ್ತದೆಯೇ? ಸುಳ್ಳು ಧೈರ್ಯ ಹೇಳಲಾರೆ. ಟಫ್ಟ್ಸ್ ವಿಶ್ವವಿದ್ಯಾಲಯದ ಟರ್ಕಿಯ ವಿದ್ಯಾರ್ಥಿನಿಯ ಪ್ರಕರಣ ನೀನೂ ಓದಿರುತ್ತೀ. 2024ರ ಮಾರ್ಚ್‌ನಲ್ಲಿ ನಾಲ್ವರು ಸೇರಿ ಕ್ಯಾಂಪಸ್ ಪತ್ರಿಕೆಗೆ ಬರೆದ ಲೇಖನದಲ್ಲಿ ಅವಳ ಹೆಸರೂ ಇತ್ತು. ವರ್ಷ ಕಳೆದ ಮೇಲೆ, 2025ರ ಮಾರ್ಚ್ 25ರಂದು, ಬೀದಿಯಲ್ಲಿ ಹಿಡಿದು ಲೂಯಿಸಿಯಾನಾದ ಬಂಧನ ಕೇಂದ್ರಕ್ಕೆ ಸಾಗಿಸಿದರು. ವೀಸಾ ರದ್ದಾಗಿದೆ ಎಂದು ಅವಳಿಗೆ ಯಾರೂ ತಿಳಿಸಿರಲಿಲ್ಲ. ಮೇ 9ರಂದು ಫೆಡರಲ್ ನ್ಯಾಯಾಧೀಶರು ಬಿಡಿಸಿದರು. ಅದೇ ಮಾರ್ಚ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ನಮ್ಮ ದೇಶದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ವೀಸಾ ರದ್ದಾದ ಕೆಲವೇ ದಿನಗಳಲ್ಲಿ ಕೆನಡಾಕ್ಕೆ ಹೊರಟುಹೋದಳು.

ಹಾಗಂತ ಅಲ್ಲಿನ ಸರ್ಕಾರದವರ ಕೈಗೆ ಲಗಾಮೇ ಇಲ್ಲ ಅಂತಲ್ಲ. ಅವರು ಮುಂದಿಡುವ ಕಲಮು 1952ರ ವಲಸೆ ಕಾಯ್ದೆಯದು. ಒಬ್ಬ ವಿದೇಶಿ ಅಲ್ಲಿರುವುದರಿಂದ ದೇಶದ ವಿದೇಶಾಂಗ ನೀತಿಗೆ ಗಂಭೀರ ಧಕ್ಕೆಯಾಗುತ್ತದೆ ಎಂದು ವಿದೇಶಾಂಗ ಕಾರ್ಯದರ್ಶಿ (ನಮ್ಮಲ್ಲಿ ವಿದೇಶಾಂಗ ಸಚಿವರು ಇದ್ದ ಹಾಗೆ) ನಂಬಿದರೆ ಗಡೀಪಾರಿಗೆ ಕ್ರಮ ತೆಗೆದುಕೊಳ್ಳಬಹುದು. ಆದರೆ ಅದೇ ಕಾಯ್ದೆ ಹೇಳುತ್ತದೆ, ಕಾನೂನುಬದ್ಧವಾದ ಮಾತು, ನಂಬಿಕೆ, ಒಡನಾಟವೇ ಕಾರಣವಾದರೆ ಆ ಕಾರ್ಯದರ್ಶಿಯೇ ಸ್ವತಃ ಬಲವಾದ ಕಾರಣ ಕಂಡುಕೊಂಡು ನಿರ್ಧರಿಸಬೇಕು. 2025ರ ಸೆಪ್ಟೆಂಬರ್ 30ರಂದು ಬಾಸ್ಟನ್‌ನ ನ್ಯಾಯಾಧೀಶ ವಿಲಿಯಂ ಯಂಗ್ ಅವರು, ದೇಶದೊಳಗೆ ಕಾನೂನುಬದ್ಧವಾಗಿ ಇರುವ ವಿದೇಶಿಯರಿಗೂ ಮಾತಿನ ಹಕ್ಕು ಅಲ್ಲಿನ ನಾಗರಿಕರಷ್ಟೇ ಇದೆ ಎಂದು ತೀರ್ಪು ಕೊಟ್ಟರು. ಇದು ಹೊಸ ಮಾತೇನಲ್ಲ. ಹ್ಯಾರಿ ಬ್ರಿಜಸ್ ಅಂತ ಆಸ್ಟ್ರೇಲಿಯಾದಿಂದ ಹೋದ ಬಂದರು ಕಾರ್ಮಿಕರ ನಾಯಕ, ನಮ್ಮೂರ ಮಿಲ್ ಕಾರ್ಮಿಕರಿಗೆ ಪಂಪಾಪತಿಯವರು ಇದ್ದ ಹಾಗೆ. ಅವನನ್ನು ಹೊರಹಾಕಲು ವರ್ಷಗಟ್ಟಲೆ ನಡೆಸಿದ ಪ್ರಯತ್ನವನ್ನು ಅಲ್ಲಿನ ಸುಪ್ರೀಂ ಕೋರ್ಟು 1945ರಲ್ಲಿ ತಳ್ಳಿಹಾಕಿತು. ಏಳು ವರ್ಷ ಕಳೆಯುವಷ್ಟರಲ್ಲಿ ಅದೇ ಕೋರ್ಟು, ಹಿಂದೆಂದೋ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರ ಗಡೀಪಾರನ್ನು ಎತ್ತಿಹಿಡಿಯಿತು ಅನ್ನುವುದನ್ನೂ ಮುಚ್ಚಿಡಬಾರದು.

ಇಲ್ಲಿ ಕೂತು ಅಮೆರಿಕವನ್ನು ಬೈಯುವವರಿಗೆ ನಾನು ನಮ್ಮ ಕಥೆಯನ್ನೂ ನೆನಪಿಸುತ್ತೇನೆ. 2019ರ ಡಿಸೆಂಬರ್‌ನಲ್ಲಿ ಮದ್ರಾಸ್ ಐಐಟಿಯಲ್ಲಿದ್ದ ಜರ್ಮನ್ ವಿದ್ಯಾರ್ಥಿಯನ್ನು ಪೌರತ್ವ ಕಾಯ್ದೆಯ ಪ್ರತಿಭಟನೆಗೆ ಹೋದದ್ದಕ್ಕೆ ವಾಪಸ್ ಕಳಿಸಿದ್ದು ನಾವೇ. ಜಾಧವಪುರದ ಪೋಲೆಂಡ್ ವಿದ್ಯಾರ್ಥಿಗೂ ದೇಶ ಬಿಡುವ ನೋಟಿಸ್ ಬಂತು. 2020ರ ಮಾರ್ಚ್‌ನಲ್ಲಿ ಕಲ್ಕತ್ತಾ ಹೈಕೋರ್ಟು ಅದನ್ನು ರದ್ದು ಮಾಡಿತು.

ಮತ್ತೆ ನಿನ್ನ ಸಹಿಗೆ ಬರುತ್ತೇನೆ. ನಿನ್ನ ಭಯದಲ್ಲಿ ಎರಡು ಬೇರೆ ಸಂಗತಿ ಕಲಸಿಹೋಗಿವೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ಗೇಟಿನಲ್ಲಿ ತೋರಿಸುವ ಟಿಕೆಟ್ ಇದ್ದ ಹಾಗೆ, ಒಳಗೆ ಹೋಗಲಿಕ್ಕೆ ಬೇಕಾದದ್ದು. ಒಳಗೆ ಇರಲು ಬೇಕಾದದ್ದು ಸ್ಟೇಟಸ್. ಅದು ವಿಶ್ವವಿದ್ಯಾಲಯ ಕೊಟ್ಟ ನಿನ್ನ ಐ-20 ಪತ್ರದಲ್ಲಿ, ದೇಶದೊಳಗೆ ಬಂದದ್ದನ್ನು ದಾಖಲಿಸುವ ಐ-94ರಲ್ಲಿ ಮತ್ತು ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ಸೆವಿಸ್ ದಾಖಲೆಯಲ್ಲಿದೆ. ವೀಸಾ ರದ್ದಾದ ಕೂಡಲೇ ಸ್ಟೇಟಸ್ ತಾನಾಗಿ ಬಿದ್ದುಹೋಗುವುದಿಲ್ಲ. ರದ್ದಾದದ್ದನ್ನೇ ಆಧಾರ ಮಾಡಿಕೊಂಡು ಗಡೀಪಾರಿನ ಕೇಸು ಹಾಕಬಹುದು, ಆಗ ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ನಡೆಯಬೇಕು. ಅಂದರೆ ಒಳಗಿರುವಾಗ ನಿನಗೆ ವಿಚಾರಣೆ ಇದೆ, ವಕೀಲರಿದ್ದಾರೆ. ವಿಮಾನ ನಿಲ್ದಾಣದ ಕೌಂಟರಿನ ಮುಂದೆ ಇವು ಬಹುಮಟ್ಟಿಗೆ ಇಲ್ಲ. ಫೋನು ತೆಗೆಸಿ ನೋಡುವ ಅಧಿಕಾರ ಅಲ್ಲಿನ ಗಡಿ ಅಧಿಕಾರಿಗಳಿಗಿದೆ, ಕೊಡೆನೆಂದರೆ ನಾಗರಿಕಳಲ್ಲದ ನಿನ್ನನ್ನು ಒಳಗೆ ಬಿಡದಿರಬಹುದು. ನಿನ್ನ ಭಯಕ್ಕೆ ಹೆಚ್ಚು ಆಧಾರ ಇರುವ ಜಾಗ ಅದೇ. ಸೆಮಿನಾರಿನ ಕೋಣೆಯಲ್ಲಿ ಅಷ್ಟಿಲ್ಲ.

ಅದಕ್ಕೇ, ಹೇಳಲು ಬೇಸರವಾಗುತ್ತದೆ, ಅಣ್ಣನ ಮದುವೆಗೆ ಬರಬೇಡ. ನಿಮ್ಮಮ್ಮನಿಗೆ ನಾನು ಹೇಳುತ್ತೇನೆ. ಬರಲೇಬೇಕೆಂದರೆ ಟಿಕೆಟ್ ತೆಗೆಯುವ ಮುಂಚೆ, ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಕಾಗದಪತ್ರ ನೋಡಿಕೊಳ್ಳುವ ಅಧಿಕಾರಿ, ಡಿಎಸ್‌ಒ ಹತ್ತಿರ ಹೋಗು. ಸೆವಿಸ್ ಆಕ್ಟಿವ್ ಇದೆಯಾ, ಐ-20ಯ ಪ್ರಯಾಣದ ಸಹಿ ಒಂದು ವರ್ಷದೊಳಗಿನದಾ, ವೀಸಾ ಅವಧಿ ಉಳಿದಿದೆಯಾ, ಮೂರನ್ನೂ ಕೇಳು. ಹೊಸ ವೀಸಾ ಬೇಕಾಗಿ ಬಂದರೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ಸಂದರ್ಶನ ಕೊಡಬೇಕು. 221(ಜಿ) ಅನ್ನುವ ಚೀಟಿ ಕೊಟ್ಟು, ವೀಸಾ ತಡೆದು ಪರಿಶೀಲನೆಗೆ ಇಟ್ಟರೆ ಎಷ್ಟು ವಾರ ಎಂದು ಯಾರೂ ಹೇಳುವುದಿಲ್ಲ. ಐದು ತಿಂಗಳಿಗೂ ಹೆಚ್ಚು ಹೊರಗೇ ಉಳಿದರೆ ಹೊಸ ಐ-20, ಹೊಸ ಸೆವಿಸ್ ಶುಲ್ಕದಿಂದ ಶುರು ಮಾಡಬೇಕಾಗಬಹುದು. ಸೆಮಿಸ್ಟರ್ ಹೋದರೂ ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ.

ಇನ್ನೊಂದು, ಸಹಿಯ ಚಿಂತೆಯಲ್ಲಿ ನೀನು ಇನ್‌ಸ್ಟಾಗ್ರಾಂ ಅಳಿಸಿಬಿಟ್ಟೆ ಎಂದು ಬರೆದಿದ್ದೀ. 2025ರ ಮೇ 27ರಂದು ವಿದ್ಯಾರ್ಥಿ ವೀಸಾದ ಹೊಸ ಅಪಾಯಿಂಟ್‌ಮೆಂಟ್ ನಿಲ್ಲಿಸಿ, ಜೂನ್ 18ರಂದು ಮತ್ತೆ ಶುರುಮಾಡಿದಾಗ, ಅರ್ಜಿದಾರರ ಖಾತೆಗಳೆಲ್ಲ ಸಾರ್ವಜನಿಕವಾಗಿ ಕಾಣುವಂತೆ ಇಡಬೇಕೆಂದರು. ವೀಸಾ ಅರ್ಜಿಯಾದ ಡಿಎಸ್-160ರಲ್ಲಿ ಹಿಂದಿನ ಐದು ವರ್ಷ ಬಳಸಿದ ಖಾತೆಗಳನ್ನೆಲ್ಲ ಕೇಳುತ್ತಾರೆ. ಅಳಿಸಿದ್ದನ್ನೂ ಬರೆಯಬೇಕು. ಬಿಟ್ಟರೆ ಸುಳ್ಳು ಹೇಳಿದಳು ಅನ್ನುವ ಬೇರೆಯೇ ಆರೋಪ ಬರುತ್ತದೆ, ಅದು ಸಹಿಗಿಂತ ಭಾರ. ಹಳೆಯ ಖಾತೆಯ ಹೆಸರನ್ನು ಒಂದು ಕಡೆ ಗುರುತು ಹಾಕಿಟ್ಟುಕೋ.

ನನಗೆ ಸಹಿಗಿಂತ ಸಣ್ಣಪುಟ್ಟ ಕಾಗದದ ತಪ್ಪಿನದೇ ಹೆದರಿಕೆ. 2025ರ ಏಪ್ರಿಲ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಸೆವಿಸ್ ದಾಖಲೆ ಮುಚ್ಚಿದರಲ್ಲ, ಅದರಲ್ಲಿ ಅನೇಕರ ಹೆಸರಿನಲ್ಲಿ ಇದ್ದದ್ದು ಟ್ರಾಫಿಕ್ ಪ್ರಕರಣ, ಇಲ್ಲವೇ ಎಂದೋ ವಜಾ ಆದ ಕೇಸು. ಕೋರ್ಟುಗಳು ಒಂದರ ಹಿಂದೊಂದು ತಡೆಯಾಜ್ಞೆ ಕೊಟ್ಟ ಮೇಲೆ ತಿಂಗಳ ಕೊನೆಗೆ ಮತ್ತೆ ತೆರೆದರು. ಅಷ್ಟರಲ್ಲಿ ಕೆಲವರು ಗಂಟು ಕಟ್ಟಿ ಊರಿಗೆ ಬಂದಾಗಿತ್ತು. ರಾಜಕೀಯ ಕಾರಣಕ್ಕೆ ಒಬ್ಬರ ಮೇಲೆ ಕಣ್ಣು ಬಿದ್ದ ಮೇಲೆ ತಾಂತ್ರಿಕ ತಪ್ಪು ಸಿಕ್ಕರೆ ಸರ್ಕಾರದವರ ಕೆಲಸ ಹಗುರ. ಆದ್ದರಿಂದ ಮನೆ ಬದಲಿಸಿದರೆ ಹತ್ತು ದಿನದೊಳಗೆ ಡಿಎಸ್‌ಒಗೆ ತಿಳಿಸು. ಕ್ಯಾಂಪಸ್ ಕೆಲಸ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ದಾಟಬಾರದು. ಡಿಎಸ್‌ಒ ಅನುಮತಿ ಇಲ್ಲದೆ ಕೋರ್ಸ್ ಬಿಡಬೇಡ. ಟ್ರಾಫಿಕ್ ದಂಡ ಕಟ್ಟಿದ ರಸೀದಿ, ಕೇಸು ಮುಗಿದ ಆದೇಶದ ಪ್ರತಿ ಇಟ್ಟುಕೋ. ವೀಸಾ ರದ್ದಾದ ಸುದ್ದಿ ಬಂದರೆ ಅರ್ಜಿಯಲ್ಲಿ ಕೊಟ್ಟ ಇಮೇಲಿಗೇ ಬರುವುದು ಹೆಚ್ಚು, ಸ್ಪ್ಯಾಮ್ ಕೂಡ ನೋಡುತ್ತಿರು. ಬಂದರೂ ಗಾಬರಿಯಲ್ಲಿ ಟಿಕೆಟ್ ತೆಗೆಯಬೇಡ, ವಕೀಲರಿಲ್ಲದೆ ಯಾವ ಕಾಗದಕ್ಕೂ ಸಹಿ ಹಾಕಬೇಡ. ಹಾಕಬಾರದ ಸಹಿ ಇದ್ದರೆ ಅದು.

ಸೆಮಿನಾರಿನ ಮಾತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಈ ಊರಿನ ಹೋಟೆಲುಗಳಲ್ಲಿ ಬೆಣ್ಣೆ ದೋಸೆ ತಿನ್ನುತ್ತ ಪಕ್ಕದ ಟೇಬಲ್ಲಿನವರು ಯಾರೆಂದು ನೋಡಿಕೊಂಡು ಮಾತಾಡುವುದು ರೂಢಿಯಾಗಿತ್ತು. ಜೈಲಿಗೆ ಹೋದವರು ಬೆರಳೆಣಿಕೆ, ದನಿ ತಗ್ಗಿಸಿದವರು ಊರೆಲ್ಲ. ತುರ್ತುಪರಿಸ್ಥಿತಿ 1977ರಲ್ಲಿ ಹೋಯಿತು. ನನ್ನ ಓರಗೆಯ ಕೆಲವರಿಗೆ ಆ ದನಿ ತಿರುಗಿ ಬರಲೇ ಇಲ್ಲ, ಬಾರ್ ರೂಮಿನಲ್ಲಿ ಇವತ್ತಿಗೂ ಬಾಗಿಲು ನೋಡಿ ಮಾತಾಡುವವರಿದ್ದಾರೆ. ನೆನೆದರೆ ಹೊಟ್ಟೆ ಉರಿಯುತ್ತದೆ. ನಿನ್ನ ಸಾಲು ಓದಿದಾಗ ಕಣ್ಣ ಮುಂದೆ ಬಂದದ್ದು ಅವರೇ.

ವಿಶ್ವವಿದ್ಯಾಲಯಗಳಿಗೂ ಇದರ ಪೆಟ್ಟು ಬಿದ್ದಿದೆ. 2025ರ ಶರತ್ಕಾಲದಲ್ಲಿ ಅಲ್ಲಿಗೆ ಹೊಸದಾಗಿ ಸೇರಿದ ವಿದೇಶಿ ವಿದ್ಯಾರ್ಥಿಗಳು ಸಮೀಕ್ಷೆಯ ಪ್ರಕಾರ ಶೇ. 17ರಷ್ಟು ಕಡಿಮೆ. ವೀಸಾ ವಿಳಂಬ, ನಿರಾಕರಣೆಯನ್ನೇ ಹೆಚ್ಚಿನ ಕಾಲೇಜುಗಳು ಕಾರಣವೆಂದವು. ಬರದೇ ಉಳಿದವರ ಲೆಕ್ಕ ಹೀಗೆ ಸಿಗುತ್ತದೆ, ಬಂದು ಬಾಯಿ ಮುಚ್ಚಿಕೊಂಡವರದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಬೀದಿಗಿಳಿ ಅಂತ ನಾನು ಹೇಳುತ್ತಿಲ್ಲ ತಾಯಿ, ಹೇಳುವ ಹಕ್ಕೂ ನನಗಿಲ್ಲ. ಅಪಾಯ ನಿನ್ನದು, ನಾನು ಇಲ್ಲಿ ಫ್ಯಾನ್ ಕೆಳಗೆ ಕೂತಿರುವವನು. ಹೊಸ ಮನವಿಗೆ ಸಹಿ ಹಾಕುವುದೋ ಬಿಡುವುದೋ ನಿನ್ನ ಲೆಕ್ಕಾಚಾರ. ಆದರೆ ನೀರಿನ ಬಗ್ಗೆ ಓದಲು ಹೋದವಳು ತರಗತಿಯಲ್ಲಿ ನೀರಿನ ಬಗ್ಗೆಯೂ ಮಾತಾಡದೆ ಕೂತರೆ ಅದನ್ನು ಯಾವ ಕಲಮೂ ಕೇಳಿಲ್ಲ.

ಐ-20, ಪಾಸ್‌ಪೋರ್ಟ್, ಐ-94 ಮೂರರ ಸ್ಕ್ಯಾನ್ ನನಗೆ ಕಳಿಸು. ಲೀಗಲ್ ಕ್ಲಿನಿಕ್ಕಿನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೋ, ಫೋನು ಕೈಯಲ್ಲಿ ಇಲ್ಲದಿದ್ದರೂ ಬೇಕಾಗಬಹುದು. ನಿಮ್ಮಪ್ಪನಿಗೆ ಈ ಸಹಿಯ ವಿಚಾರ ಗೊತ್ತಿಲ್ಲ, ನಾನೂ ಹೇಳಿಲ್ಲ. ಡಿಎಸ್‌ಒ ಏನಂದರು ಎಂದು ಮುಂದಿನ ಪತ್ರದಲ್ಲಿ ಬರೆ.

ನಿನ್ನ ಮಾವ