ತುಕ್ಕಿನ ವಾಶ್ ಬಾಟಲಿಯಲ್ಲಿ ಲ್ಯಾಕರ್: ಹಣ ವಾಪಸ್ ಕೋರಿ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ಜನವರಿಯಲ್ಲಿ ನಿಮ್ಮ ಅಂಗಡಿಯಿಂದ ತುಕ್ಕು ಬಣ್ಣದ ಎನಾಮಲ್ ವಾಶ್ (ಮಾದರಿಗಳ ಸಂದಿಗೆ ಇಳಿಸಿ ಹಳತಾದಂತೆ ಕಾಣಿಸಲು ಹಚ್ಚುವ ತೆಳು ಬಣ್ಣ) ಒಂದು ಬಾಟಲಿ, ಕೆಂಪು ಮಣ್ಣಿನ ಪುಡಿ ಒಂದು ಡಬ್ಬಿ ತರಿಸಿದ್ದೆ. ಪುಡಿ ಚೆನ್ನಾಗಿದೆ. ವಾಶ್ ನನ್ನ ಲಾರಿಯನ್ನೇ ಹಾಳು ಮಾಡಿತು.

ಲಾರಿ ಅಂದರೆ 1:72 ಅಳತೆಯ ಪ್ಲಾಸ್ಟಿಕ್ ಮಾದರಿ, ಹೆಚ್ಚೆಂದರೆ 10 ಸೆಂ.ಮೀ. ಉದ್ದ. ನಾನು ಅಂಕೋಲಾದಲ್ಲಿ ಬೆಳೆದವನು. ಅರಬೈಲ್ ಘಟ್ಟ ಇಳಿದು ಬರುತ್ತಿದ್ದ ಅದಿರಿನ ಲಾರಿಗಳು ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಅಂಥದ್ದೊಂದನ್ನು ಮಾಡಬೇಕೆಂದು ಬಹಳ ದಿನದ ಆಸೆ. ಹೊಸ ಲಾರಿಯಲ್ಲ, ಓಡಿ ಓಡಿ ಸವೆದದ್ದು. ಹಿಂದಿನ ಚಕ್ರದ ಸುತ್ತ ಕೆಂಪು ಧೂಳು ದಪ್ಪಗೆ, ಕ್ಯಾಬಿನ್ ಮೇಲೆ ತೆಳ್ಳಗೆ. ಬಾಗಿಲಿನ ಕೆಳ ಅಂಚಿಗೆ ತುಕ್ಕು. ಮಳೆನೀರು ನಿಲ್ಲುವುದು ಅಲ್ಲೇ, ಉಪ್ಪುಗಾಳಿ ತಿನ್ನುವುದೂ ಅಲ್ಲಿಂದಲೇ ಅಲ್ವಾ?

ಅಡಿಗೆ ಅಕ್ರಿಲಿಕ್ ಹಳದಿ ಹಚ್ಚಿ, ಮೇಲೆ ಹೊಳಪಿನ ವಾರ್ನಿಶ್ ಕೊಟ್ಟು, ಎರಡು ದಿನ ಒಣಗಿಸಿದ್ದೆ. ಟರ್ಪೆಂಟೈನ್‌ನಲ್ಲಿ ಕಲಸಿದ ಎನಾಮಲ್ ವಾಶ್ ಒಣಗಿದ ಅಕ್ರಿಲಿಕ್ಕನ್ನು ಕರಗಿಸುವುದಿಲ್ಲ. ಸಂದಿಗೆ ಇಳಿದದ್ದು ಅಲ್ಲೇ ನಿಲ್ಲುತ್ತದೆ, ಜಾಸ್ತಿಯಾದದ್ದನ್ನು ಬಡ್ಸ್‌ನಿಂದ ಒರೆಸಿದರೆ ಆಯಿತು. ಹಾಗೇ ಒರೆಸಿದೆ. ಬಡ್ಸ್ ತುದಿಗೆ ಕಂದು ಬರಬೇಕಿತ್ತು, ಕ್ಯಾಬಿನ್ನಿನ ಹಳದಿಯೇ ಬಂತು. ಇನ್ನೊಮ್ಮೆ ಒರೆಸಿದಾಗ ಬೂದು ಪ್ಲಾಸ್ಟಿಕ್ ಕಾಣಿಸಿತು. ಸಾಸಿವೆ ಕಾಳಿನಷ್ಟಿದ್ದ ಬಾಗಿಲಿನ ಹಿಡಿಕೆ ಮೆತ್ತಗಾಗಿ ಬಾಗಿಲಿಗೇ ಮೆತ್ತಿಕೊಂಡಿತು. ಒಂದು ತಿಂಗಳ ರಾತ್ರಿಗಳ ಕೆಲಸ ಅದು.

ಫೋನ್ ಮಾಡಿದರೆ ನಿಮ್ಮವರು, "ಕಾರವಾರದಲ್ಲಿ ತೇವ ಜಾಸ್ತಿ ಸರ್, ಅದಕ್ಕೇ ಹೀಗಾಗಿದೆ" ಎಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ತೇವ ಏನು ಮಾಡುತ್ತದೆ ಅಂತ ಇಲ್ಲಿರುವ ನಮಗೆ ಗೊತ್ತು. ಮಳೆಗಾಲದಲ್ಲಿ ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿದರೆ ಹಾಲಿನಂತೆ ಬಿಳುಚಿಕೊಳ್ಳುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಸ್ಪ್ರೇ ಮುಟ್ಟುವುದೇ ಇಲ್ಲ. ಇದು ಜನವರಿಯ ಒಣ ಹವೆಯಲ್ಲಿ, ಬ್ರಶ್‌ನಿಂದ ಮಾಡಿದ ಕೆಲಸ. ತೇವಕ್ಕೆ ಪ್ಲಾಸ್ಟಿಕ್ ಕರಗುವುದಿಲ್ಲ.

ಸುಮ್ನೆ ಹೇಳುತ್ತಿಲ್ಲ, ಪರೀಕ್ಷೆ ಮಾಡಿಯೇ ಬರೆಯುತ್ತಿದ್ದೇನೆ. ಕಿಟ್‌ನಲ್ಲಿ ಉಳಿದ ಪ್ಲಾಸ್ಟಿಕ್ ತುಂಡಿನ ಒಂದು ತುದಿಗೆ ಹಾರ್ಡ್‌ವೇರ್ ಅಂಗಡಿಯ ಟರ್ಪೆಂಟೈನ್ ಒಂದು ಹನಿ, ಇನ್ನೊಂದು ತುದಿಗೆ ನಿಮ್ಮ ವಾಶ್ ಒಂದು ಹನಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಟರ್ಪೆಂಟೈನ್ ಬಿದ್ದ ಕಡೆ ಏನೂ ಆಗಿರಲಿಲ್ಲ. ನಿಮ್ಮ ವಾಶ್ ಬಿದ್ದ ಕಡೆ ಗುಳಿ ಬಿದ್ದಿತ್ತು. ಆಮೇಲೆ ಬಾಟಲಿಯ ಚೀಟಿಯನ್ನು ಬಿಸಿನೀರಲ್ಲಿ ನೆನೆಸಿ ಎಬ್ಬಿಸಿದೆ. ಅಡಿಯಲ್ಲಿ ಇನ್ನೊಂದು ಚೀಟಿ, ಅದರ ಮೇಲೆ ಲ್ಯಾಕರ್ ಎಂದು ಸ್ಪಷ್ಟವಾಗಿ ಬರೆದಿದೆ. ಲ್ಯಾಕರ್ ಅಂದರೆ ಅಕ್ರಿಲಿಕ್ಕನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸುವ ಕಟುವಾದ ದ್ರಾವಕದ ಬಣ್ಣ. ಫೋಟೋಗಳನ್ನು ಜೊತೆಗೆ ಇಟ್ಟಿದ್ದೇನೆ.

ವಾಶ್‌ನ ಬೆಲೆ, ಹಾಳಾದ ಕಿಟ್‌ನ ಬೆಲೆ ಎರಡನ್ನೂ ನನ್ನ ಖಾತೆಗೆ ಹಾಕಿ. ಕೂಪನ್ ಬೇಡ. ಅದಕ್ಕಿಂತ ಮುಖ್ಯವಾಗಿ, ಇದೇ ಚೀಟಿಯ ಬಾಟಲಿಗಳ ಮಾರಾಟವನ್ನು ಇವತ್ತೇ ನಿಲ್ಲಿಸಿ, ಈಗಾಗಲೇ ಕೊಂಡವರಿಗೆ ತಿಳಿಸಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತು ಮಕ್ಕಳೂ ಈ ಕೆಲಸ ಮಾಡುತ್ತಾರೆ. ಲ್ಯಾಕರ್ ಆವಿ ಅವರ ಎದೆಗೆ ಹೋಗಬಾರದು.

15 ದಿನದಲ್ಲಿ ಉತ್ತರ ಬಾರದಿದ್ದರೆ ಇಲ್ಲೇ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಬಾಟಲಿ, ಲಾರಿ ಎರಡನ್ನೂ ಹಾಗೇ ತೆಗೆದಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಕಾರವಾರ