ಹಡಗು ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸು

ಪ್ರಿಯ ಮಿತ್ರನೇ,

ನಿನ್ನ ಪತ್ರ ತಲುಪಿತು. ಜೂನ್ ತಿಂಗಳಲ್ಲಿ ಅಮೆರಿಕದ ಮಯಾಮಿಯಿಂದ ಹೊರಡುವ ಕ್ರೂಸ್ ಹಡಗು ಕೆರಿಬಿಯನ್ ಕಡಲಿನ ಕೊಝುಮೆಲ್, ಗ್ರ್ಯಾಂಡ್ ಕೇಮನ್ ಮತ್ತು ಕೋಸ್ಟಾ ಮಾಯಾ ಎಂಬ ಮೂರು ಬಂದರುಗಳಲ್ಲಿ ನಿಲ್ಲುತ್ತದೆಂದೂ, ಅವುಗಳಲ್ಲಿ ಒಂದು ದಿನವನ್ನು ಅಮ್ಮ, ಅತ್ತಿಗೆ ಹಾಗೂ ಇಬ್ಬರು ಮಕ್ಕಳೊಂದಿಗೆ ಪೂರ್ತಿಯಾಗಿ ಕಡಲತೀರದಲ್ಲೇ ಕಳೆಯಬೇಕೆಂದಿರುವೆಯೆಂದೂ ಬರೆದಿದ್ದೀಯೆ. ಮೂರರಲ್ಲಿ ಯಾವ ಬೀಚ್ ಹೆಚ್ಚು ಚೆಂದ ಎಂಬುದು ನಿನ್ನ ಪ್ರಶ್ನೆ. ನಾನಾದರೆ ಮೊದಲು ಬೇರೆಯದನ್ನು ಕೇಳುತ್ತಿದ್ದೆ: ಹಡಗಿಗೆ ಮರಳಬೇಕಾದ ಹೊತ್ತು ಯಾವುದು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಮರಳಿನ ಮೇಲೆ ಕುಳಿತುಕೊಳ್ಳಲು ನಿಮಗೆ ಎಷ್ಟು ಗಂಟೆ ಉಳಿಯುತ್ತದೆ? ಈ ಲೆಕ್ಕ ಸರಿಯಾಯಿತೆಂದರೆ ಬೀಚಿನ ಆಯ್ಕೆ ಅರ್ಧ ಮುಗಿದಂತೆ.

ವೇಳಾಪಟ್ಟಿಯಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಎಂದು ಬರೆದಿದ್ದರೆ ಒಂಬತ್ತು ಗಂಟೆ ಸಿಕ್ಕಿತೆಂದು ಹಿಗ್ಗಬೇಡ. ಹಡಗು ಧಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ತಾಗಿದ ಮೇಲೆ ಅಲ್ಲಿನ ಅಧಿಕಾರಿಗಳ ಅನುಮತಿ ದೊರೆತು ಬಾಗಿಲು ತೆರೆಯಬೇಕು, ಸಾವಿರಾರು ಜನ ಒಂದೇ ಇಳಿಹಾದಿಯಲ್ಲಿ ಇಳಿಯಬೇಕು, ನಾಲ್ಕು ವರ್ಷದ ಮಗನಿಗೆ ಆಗಲೇ ಶೌಚಕ್ಕೆ ಹೋಗಬೇಕೆನಿಸಬೇಕು; ಎಷ್ಟೇ ಚುರುಕಾದರೂ ನೀವು ನೆಲದ ಮೇಲೆ ನಿಲ್ಲುವಷ್ಟರಲ್ಲಿ ಒಂಬತ್ತಾಗಿರುತ್ತದೆ. ಇನ್ನು ಸಂಜೆ 5 ಎಂಬುದು ಹಡಗು ಹೊರಡುವ ಹೊತ್ತೇ ಹೊರತು ನೀವು ಬಂದು ಸೇರುವ ಹೊತ್ತಲ್ಲ. ಎಲ್ಲರೂ ಹಡಗಿನೊಳಗೆ ಇರಬೇಕಾದ ಗಡುವು ಸಾಮಾನ್ಯವಾಗಿ ಅದಕ್ಕಿಂತ ಅರ್ಧ ಗಂಟೆ ಮೊದಲು, ಕೆಲವು ಕಡೆ ಒಂದು ಗಂಟೆಯೇ ಮೊದಲು ಇರುತ್ತದೆ. ಆ ಗಡುವಿಗೂ ಒಂದು ಗಂಟೆ ಮುಂಚೆ ಧಕ್ಕೆಯ ಬಳಿ ಇರಬೇಕೆಂದು ನಿಶ್ಚಯಿಸಿಕೊಂಡು, ಹೋಗಿಬರುವ ದಾರಿಯನ್ನು ಕಳೆದರೆ ಕೈಯಲ್ಲಿ ಉಳಿಯುವುದು ಐದು ಗಂಟೆ. ಅದು ಕಡಿಮೆಯಲ್ಲ. ಬಿಸಿಲಿನಲ್ಲಿ ಮೂರು ಗಂಟೆ ಆಡಿದ ಮಗು ನಾಲ್ಕನೆಯ ಗಂಟೆಗೆ ಅಳಲು ಶುರುಮಾಡುತ್ತದೆ ಎಂಬುದು ನನಗೆ ಎರಡು ಮಕ್ಕಳಿಂದ ದೊರೆತ ಜ್ಞಾನ.

ಗಡಿಯಾರದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾವು ಮೋಸಹೋದದ್ದು ಅಲ್ಲಿಯೇ. ಜೂನ್‌ನಲ್ಲಿ ಮಯಾಮಿಯ ಗಡಿಯಾರ ಬೇಸಿಗೆಯ ಸಮಯಕ್ಕೆ ಒಂದು ಗಂಟೆ ಮುಂದಕ್ಕೆ ಹೋಗಿರುತ್ತದೆ. ಕೊಝುಮೆಲ್ ಮತ್ತು ಕೋಸ್ಟಾ ಮಾಯಾ ಇರುವ ಮೆಕ್ಸಿಕೋದ ಕಿಂತಾನಾ ರೋ ರಾಜ್ಯ 2015ರ ಫೆಬ್ರುವರಿಯಿಂದ ವರ್ಷವಿಡೀ ಒಂದೇ ಸಮಯವನ್ನು ಪಾಲಿಸುತ್ತಿದೆ. ಗ್ರ್ಯಾಂಡ್ ಕೇಮನ್‌ನಲ್ಲಿಯೂ ಬೇಸಿಗೆಯ ಸಮಯವೆಂಬುದಿಲ್ಲ. ಹಡಗು ಮಯಾಮಿಯ ಸಮಯವನ್ನೇ ಇಟ್ಟುಕೊಂಡಿದ್ದರೆ ಈ ಮೂರೂ ಕಡೆ ನಿನ್ನ ಮೊಬೈಲ್ ಅಲ್ಲಿನ ಸಮಯವನ್ನು ತಾನಾಗಿ ಹಿಡಿದುಕೊಂಡು ಒಂದು ಗಂಟೆ ಕಡಿಮೆ ತೋರಿಸುತ್ತದೆ. ನಾವು ಹೀಗೆಯೇ ಒಂದು ಬಂದರಿನಲ್ಲಿ ಮೊಬೈಲ್ ನೋಡಿಕೊಂಡು ನಿಶ್ಚಿಂತೆಯಿಂದ ಮರಳಿನ ಕೋಟೆ ಕಟ್ಟುತ್ತಿದ್ದಾಗ, ನನ್ನ ಹೆಂಡತಿ ತನ್ನ ಹಳೆಯ ಕೈಗಡಿಯಾರವನ್ನು ನೋಡಿ ಎದ್ದು ನಿಂತಳು. ಮುಂದಿನ ನಲವತ್ತು ನಿಮಿಷಗಳನ್ನು ನಾನು ವರ್ಣಿಸುವುದಿಲ್ಲ. ಇಳಿಯುವ ಮುನ್ನ ಹಡಗಿನ ಗೋಡೆ ಗಡಿಯಾರಕ್ಕೆ ಸರಿಹೊಂದಿಸಿದ ಒಂದು ಕೈಗಡಿಯಾರವನ್ನು ಕಟ್ಟಿಕೋ. ಮೊಬೈಲನ್ನು ಚಿತ್ರ ತೆಗೆಯಲು ಬಳಸು.

ಈಗ ಮೂರು ಬಂದರುಗಳನ್ನು ನೋಡೋಣ. ಗ್ರ್ಯಾಂಡ್ ಕೇಮನ್‌ನ ಸೆವೆನ್ ಮೈಲ್ ಬೀಚ್ ಪಶ್ಚಿಮಕ್ಕೆ ಮುಖಮಾಡಿರುವ ಸೊಗಸಾದ ತೀರ (ಹೆಸರಿನಲ್ಲಿರುವ ಏಳು ಮೈಲಿ ಅಳತೆಯಲ್ಲಿ ಇಲ್ಲ, ಅದು ಬೇರೆ ಮಾತು), ರಾಜಧಾನಿ ಜಾರ್ಜ್ ಟೌನ್‌ನಿಂದ ದೂರವೂ ಅಲ್ಲ. ಆದರೆ ಅಲ್ಲಿ ದೊಡ್ಡ ಹಡಗುಗಳು ತಾಗುವ ಧಕ್ಕೆಯಿಲ್ಲ. ಹಡಗು ದೂರದಲ್ಲಿ ನಿಲ್ಲುತ್ತದೆ, ಟೆಂಡರ್ ಎಂಬ ಸಣ್ಣ ದೋಣಿಗಳು ಜನರನ್ನು ದಡಕ್ಕೆ ಮುಟ್ಟಿಸುತ್ತವೆ. ಹೋಗುವಾಗ ಸರದಿ, ಬರುವಾಗ ಇನ್ನೂ ಉದ್ದದ ಸರದಿ. ತೊನೆದಾಡುವ ದೋಣಿಗೆ ಹಡಗಿನಿಂದ ಕಾಲಿಡುವುದು ಮೊಣಕಾಲು ನೋವಿರುವ ಅಮ್ಮನಿಗೆ ಸುಲಭವಲ್ಲ, ಮಗುವಿನ ತಳ್ಳುಗಾಡಿಯನ್ನು ಹೊತ್ತು ಹತ್ತಿಸುವುದು ನಿನಗೂ ಸುಲಭವಲ್ಲ. ಸಮುದ್ರ ಕೆರಳಿದ್ದರೆ ಕಪ್ತಾನರು ಆ ನಿಲುಗಡೆಯನ್ನೇ ಕೈಬಿಡಬಹುದು. ಆದುದರಿಂದ ಮಕ್ಕಳಿಗೆ ಮಾತು ಕೊಟ್ಟ ದಿನವನ್ನು ಅಲ್ಲಿ ಇಡಬೇಡ.

ಕೋಸ್ಟಾ ಮಾಯಾದಲ್ಲಿ ಹಡಗು ಧಕ್ಕೆಗೇ ತಾಗುತ್ತದೆ, ಮಹಾಹ್ವಾಲ್ ಊರಿನ ತೀರವೂ ಸಮೀಪ, ಹವಳದ ದಿಬ್ಬ ಅಲೆಗಳನ್ನು ಹೊರಗೇ ತಡೆಯುವುದರಿಂದ ನೀರು ಆಳವಿಲ್ಲದೆ ಶಾಂತವಾಗಿರುತ್ತದೆ. ನನ್ನ ಹಿಂಜರಿಕೆಗೆ ಕಾರಣ ಸರ್ಗಾಸಮ್ ಎಂಬ ತೇಲುವ ಕಂದು ಕಡಲಕಳೆ. 2011ರಿಂದೀಚೆಗೆ ಅಟ್ಲಾಂಟಿಕ್‌ನಲ್ಲಿ ಇದು ಬಹುತೇಕ ಪ್ರತಿವರ್ಷವೂ ಅಪಾರವಾಗಿ ಬೆಳೆದು, ಗಾಳಿ ಮತ್ತು ಪ್ರವಾಹಗಳೊಂದಿಗೆ ಕೆರಿಬಿಯನ್ ತೀರಗಳಿಗೆ ಬಂದು ಬೀಳುತ್ತಿದೆ. ಪೂರ್ವಕ್ಕೆ ಮುಖಮಾಡಿದ ತೀರಗಳ ಪಾಲು ಹೆಚ್ಚು, ವಸಂತ ಮತ್ತು ಬೇಸಿಗೆಯಲ್ಲಿ ಅದರ ಭರ ಹೆಚ್ಚು. ಮಹಾಹ್ವಾಲ್ ಪೂರ್ವಕ್ಕೇ ಮುಖಮಾಡಿದೆ, ನೀನು ಹೋಗುವುದು ಜೂನ್‌ನಲ್ಲಿ. ದಡದಲ್ಲಿ ಕೊಳೆಯುವಾಗ ಅದು ಹೈಡ್ರೋಜನ್ ಸಲ್ಫೈಡ್ ಬಿಡುವುದರಿಂದ ಕೊಳೆತ ಮೊಟ್ಟೆಯಂಥ ವಾಸನೆ ಹರಡುತ್ತದೆ. ಅದೃಷ್ಟವಿದ್ದರೆ ಅಂದು ತೀರ ತಿಳಿಯಾಗಿರಬಹುದು, ಆದರೆ ಅದನ್ನೇ ನಂಬಿ ದಿನ ಗೊತ್ತುಮಾಡಲಾಗದು.

ಉಳಿದದ್ದು ಕೊಝುಮೆಲ್, ನನ್ನ ಮತವೂ ಅದಕ್ಕೇ. ಅಲ್ಲಿ ಪೂರ್ವದಿಂದ ಬೀಸುವ ಗಾಳಿಗೆ ದ್ವೀಪವೇ ಅಡ್ಡ ನಿಲ್ಲುವುದರಿಂದ ಪಶ್ಚಿಮದ ಕಡಲು ಬಹುಪಾಲು ಶಾಂತವಾಗಿರುತ್ತದೆ, ಕಡಲಕಳೆಯ ಕಾಟವೂ ಆ ಬದಿಗೆ ಕಡಿಮೆ. ಹಡಗುಗಳ ಧಕ್ಕೆಗಳಿರುವುದೂ ಪಶ್ಚಿಮಕ್ಕೇ. ಪೂರ್ವದ ತೀರ ಚಿತ್ರಗಳಲ್ಲಿ ಬಹಳ ಭವ್ಯವಾಗಿ ಕಾಣುತ್ತದೆ, ಜನಸಂದಣಿಯೂ ಇರುವುದಿಲ್ಲ. ಆದರೆ ಅಲ್ಲಿನ ಅಲೆ ಮತ್ತು ಸೆಳೆತ ಮಕ್ಕಳಿಗೆ ತಕ್ಕದ್ದಲ್ಲ. ಧಕ್ಕೆಗಳಿಂದ ದಕ್ಷಿಣಕ್ಕೆ ಸಾಗಿದರೆ ನೆರಳು, ಕುರ್ಚಿ, ಶೌಚಾಲಯ ಮತ್ತು ಸಿಹಿನೀರಿನ ಸ್ನಾನದ ವ್ಯವಸ್ಥೆಯಿರುವ ಬೀಚ್ ಕ್ಲಬ್‌ಗಳು ಸಿಗುತ್ತವೆ. ದಿನದ ಪ್ರವೇಶವನ್ನು ಮುಂಚಿತವಾಗಿ ಕಾಯ್ದಿರಿಸುವಾಗ ಮೂರು ಸಂಗತಿಗಳನ್ನು ವಿಚಾರಿಸು: ದಡ ಮರಳಿನದೋ ಕಲ್ಲಿನದೋ, ನೆರಳು ಶುಲ್ಕದಲ್ಲಿ ಸೇರಿದೆಯೋ, ಹಡಗು ಬಾರದಿದ್ದರೆ ಹಣ ಹಿಂತಿರುಗುತ್ತದೆಯೋ. ಕಲ್ಲಿನ ದಡದಿಂದ ಏಣಿ ಹಿಡಿದು ನೀರಿಗಿಳಿಯುವ ಕಡೆಗಳೂ ಅಲ್ಲಿವೆ. ಮೀನು ನೋಡುವವರಿಗೆ ಅವು ಒಳ್ಳೆಯವು, ನಿನ್ನ ಮಗನಿಗೆ ಅಲ್ಲ.

ಹಡಗಿನವರೇ ನಡೆಸುವ ವಿಹಾರವೋ, ನಾವೇ ಹೋಗುವುದೋ ಎಂದು ಅತ್ತಿಗೆ ಕೇಳಿದ್ದಾರಂತೆ. ಹಡಗಿನವರ ವಿಹಾರ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ಇಲ್ಲವೇ ನಿಮ್ಮನ್ನು ಮುಂದಿನ ಬಂದರಿಗೆ ಮುಟ್ಟಿಸುವ ಹೊಣೆಯನ್ನು ಅವರೇ ಹೊರುತ್ತಾರೆ. ಸ್ವಂತವಾಗಿ ಹೋದವರಿಗೆ ಆ ಆಸರೆಯಿಲ್ಲ. ದೂರದ ಸ್ಥಳವಾದರೆ ಆ ಹೆಚ್ಚುವರಿ ಹಣ ಕೊಡುವುದು ವಿವೇಕ. ಟ್ಯಾಕ್ಸಿಯಲ್ಲಿ ಕಾಲು ಗಂಟೆಯ ದಾರಿಗೆ ನಾನು ಕೊಡಲಾರೆ, ಏಕೆಂದರೆ ಮಕ್ಕಳು ದಣಿದಾಗ ಇತರರಿಗಾಗಿ ಕಾಯದೆ ಎದ್ದು ಬರುವ ಸ್ವಾತಂತ್ರ್ಯ ಬಹಳ ದೊಡ್ಡದು. ಹೇಗೇ ಹೋದರೂ ಹಡಗಿನ ಆ ದಿನದ ಕಾರ್ಯಕ್ರಮದ ಹಾಳೆಯನ್ನು ಜೇಬಿನಲ್ಲಿಟ್ಟುಕೋ. ಬಂದರಿನಲ್ಲಿರುವ ಅವರ ಪ್ರತಿನಿಧಿಯ ದೂರವಾಣಿ ಸಂಖ್ಯೆ ಅದರಲ್ಲಿರುತ್ತದೆ. ಹಡಗಿನ ಕಾರ್ಡು, ದೊಡ್ಡವರ ಗುರುತಿನ ಚೀಟಿ, ಪಾಸ್‌ಪೋರ್ಟಿನ ನಕಲು ನೀರು ತಾಗದ ಚೀಲದಲ್ಲಿರಲಿ.

ನೀರಿನ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ತೋಳಿಗೆ ಕಟ್ಟುವ ಗಾಳಿಬುರುಡೆಗಳು ಆಟಿಕೆಗಳೇ ಹೊರತು ರಕ್ಷಣೆಯಲ್ಲ. ಮಗನ ತೂಕಕ್ಕೆ ಹೊಂದುವ ಲೈಫ್ ಜಾಕೆಟನ್ನು ಮನೆಯಿಂದಲೇ ಒಯ್ಯಿ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದೂ ಅಪರೂಪ. ಆದುದರಿಂದ ನೀರಿನಲ್ಲಿ ಅವನು ಸದಾ ಒಬ್ಬ ದೊಡ್ಡವರ ಕೈಯಳತೆಯಲ್ಲಿರಬೇಕು, ಮತ್ತು ಆ ಒಬ್ಬರು ಯಾರೆಂಬುದು ಗಂಟೆಗಂಟೆಗೂ ಬಾಯಿಬಿಟ್ಟು ಹೇಳಿ ನಿಗದಿಯಾಗಬೇಕು. ಎಲ್ಲರೂ ನೋಡುತ್ತಿದ್ದಾರೆಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ. ಕೆಂಪು ಬಾವುಟ ಕಂಡರೆ ಈಜಿನ ಆಸೆ ಬಿಟ್ಟು ಮರಳಿನಲ್ಲೇ ಆಡಿ.

ಬಿಸಿಲಿಗೆ ಎಲ್ಲರಿಗೂ ಉದ್ದ ತೋಳಿನ ಈಜುಡುಪು ತೊಡಿಸಿದರೆ ಹಚ್ಚಬೇಕಾದ ಕೆನೆ ಅರ್ಧಕ್ಕಿಳಿಯುತ್ತದೆ. ಉಳಿದ ಭಾಗಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಹಡಗಿನ ಕೋಣೆಯಲ್ಲೇ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಎದ್ದಾಗಲೆಲ್ಲ ಮರಳಿ ಹಚ್ಚಬೇಕು. ಕೊಝುಮೆಲ್‌ನ ಹವಳದ ದಿಬ್ಬಗಳು 1996ರಿಂದ ರಾಷ್ಟ್ರೀಯ ಕಡಲ ಉದ್ಯಾನವಾಗಿ ರಕ್ಷಿತವಾಗಿವೆ. ಹವಳಕ್ಕೆ ಹಾನಿ ಕಡಿಮೆಯಿರುವ, ಸತುವಿನ ಆಕ್ಸೈಡ್ ಇರುವ ಬಗೆಯನ್ನೇ ಕೊಂಡುಕೋ. ನಕ್ಷತ್ರಮೀನು ಕಂಡರೆ ಎತ್ತಿ ಚಿತ್ರ ತೆಗೆಯಬಾರದೆಂದು ಮಗಳಿಗೆ ಮೊದಲೇ ಹೇಳಿರು.

ಹಡಗಿನ ಊಟದಿಂದ ಹಣ್ಣು, ಬ್ರೆಡ್ಡು ಎತ್ತಿಕೊಂಡು ಇಳಿಯುವುದಕ್ಕೆ ಅನೇಕ ಬಂದರುಗಳಲ್ಲಿ ಅನುಮತಿಯಿಲ್ಲ. ಮೊಹರು ಒಡೆಯದ ಪೊಟ್ಟಣಗಳಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಟವೆಲುಗಳನ್ನು ಹಡಗಿನವರೇ ಕೊಡುತ್ತಾರೆ, ಕಳೆದರೆ ಲೆಕ್ಕಕ್ಕೂ ಬರೆಯುತ್ತಾರೆ, ಆದ್ದರಿಂದ ಎದ್ದು ಹೊರಡುವಾಗ ಐದನ್ನೂ ಎಣಿಸಿಕೋ.

ಹಡಗಿನ ನಿಖರ ವೇಳಾಪಟ್ಟಿ ಕೈಸೇರಿದ ಕೂಡಲೇ ನನಗೆ ಕಳುಹಿಸು. ಗಂಟೆಗಳನ್ನು ಇಬ್ಬರೂ ಸೇರಿ ಮತ್ತೊಮ್ಮೆ ಕಳೆದು ನೋಡೋಣ. ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸು, ಮರಳಿನಲ್ಲಿ ಜಾರದಂತೆ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಕೊಡಿಸುವುದನ್ನು ಮರೆಯಬೇಡ.

ಇಂತಿ ನಿನ್ನ
ಗೆಳೆಯ