ಟಾರ್ಚ್ ಬಿಟ್ಟು ನೋಡಿದರೆ ತಪಾಸಣೆ ಆಯಿತೇ?

ಮಾನ್ಯ ಸಂಪಾದಕರೇ,

ನಮ್ಮ ಶಾಲೆಯಲ್ಲಿ ಈ ವರ್ಷದ ದಂತ ತಪಾಸಣಾ ಶಿಬಿರ ಯಶಸ್ವಿಯಾಯಿತು ಎಂಬ ವರದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಓದುವಾಗ ಏಳು ವರ್ಷದ ನನ್ನ ಮಗಳು ಕೆನ್ನೆ ಹಿಡಿದುಕೊಂಡು ಪಕ್ಕದಲ್ಲೇ ಅಳುತ್ತಿದ್ದಳು. ಹೋದ ವರ್ಷದ ಶಿಬಿರದಲ್ಲಿ ಅವಳ ಕಾರ್ಡಿನ ಮೇಲೆ ‘ಹೊಸ ಹುಳುಕಿಲ್ಲ’ ಎಂದು ಬರೆದು ಸೀಲು ಹೊಡೆದಿದ್ದರು. ಆ ಕಾರ್ಡ್ ಈಗಲೂ ನನ್ನ ಹತ್ತಿರ ಇದೆ.

ಆವತ್ತು ಹುಳುಕು ಇರಲಿಲ್ಲ, ಒಪ್ಪುತ್ತೇನೆ. ಆದರೆ ಮುಂದೆ ಬರುವ ಸಂಭವ ಎಷ್ಟು ಎಂದು ಯಾರಾದರೂ ನೋಡಿದರೇ? ಅವಳ ಮೂರು ಹಾಲುಹಲ್ಲಿಗೆ ಆಗಲೇ ಫಿಲ್ಲಿಂಗ್ ಆಗಿತ್ತು. ಮೊದಲು ಹುಳುಕು ಬಂದ ಬಾಯಿಗೆ ಮತ್ತೆ ಬರುವ ಸಂಭವ ಜಾಸ್ತಿ. ಇದಕ್ಕಿಂತ ದೊಡ್ಡ ಸುಳಿವು ಇನ್ನೊಂದಿಲ್ಲ. ಅದು ಬಾಯಿ ತೆರೆದರೆ ಕಾಣುತ್ತಿತ್ತು! ರಾತ್ರಿ ಮಲಗುವ ಮುಂಚೆ ಸಿಹಿ ಸಿರಪ್ ಕುಡಿಯುತ್ತಿದ್ದಳು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಲ್ಲು ತೊಳೆಯುವವರು ಯಾರು? ಯಾರೂ ಕೇಳಲಿಲ್ಲ. ದಿನಕ್ಕೆ ಎಷ್ಟು ಸಲ ಸಿಹಿ ತಿನ್ನುತ್ತಾಳೆ ಎಂದೂ ಕೇಳಲಿಲ್ಲ. ಪ್ರತಿ ಸಲ ಸಿಹಿ ಬಿದ್ದಾಗಲೂ ಹಲ್ಲಿಗೆ ಅಂಟಿದ ಪಾಚಿಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿಳಿದು ಹಲ್ಲು ಕರಗತೊಡಗುತ್ತದೆ, ಮತ್ತೆ ಸರಿಹೋಗಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಇದನ್ನು ನನಗೆ ಹೇಳಿದವರು ನಿನ್ನೆ ಹಲ್ಲು ಕೊರೆದ ವೈದ್ಯರು. ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂತಿದ್ದ ಮಚ್ಚೆಗಳನ್ನೂ ಅವರೇ ತೋರಿಸಿದರು. ಹಲ್ಲನ್ನು ಗಾಳಿ ಬಿಟ್ಟು ಒಣಗಿಸಿದ ಮೇಲೆ ನನಗೂ ಕಂಡವು. ಹುಳುಕು ಶುರುವಾಗುವ ಮೊದಲ ಗುರುತು ಅದೇ ಅಂತೆ. ಆ ಹಂತದಲ್ಲಿ ಫ್ಲೋರೈಡ್ ಹಚ್ಚಿದರೆ ಹಲ್ಲು ಮತ್ತೆ ಗಟ್ಟಿಯಾಗಬಹುದಂತೆ. ಆಗಷ್ಟೇ ಬಂದಿದ್ದ ದವಡೆಹಲ್ಲಿನ ಗೆರೆಗಳಿಗೆ ಸೀಲೆಂಟ್, ಅಂದರೆ ಹುಳುಕು ತಡೆಯುವ ತೆಳು ಲೇಪ, ಹಾಕಿಸಬಹುದಿತ್ತಂತೆ. ಈಗ ಅದೇ ಹಲ್ಲು ತೂತಾಗಿದೆ. ಅದು ಹಾಲುಹಲ್ಲಲ್ಲ ಸ್ವಾಮಿ, ಬಿದ್ದರೆ ಇನ್ನೊಂದು ಬರುವುದಿಲ್ಲ.

ಎರಡು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಮಗಳ ಪರೀಕ್ಷೆ ತಪ್ಪಿತು. ನನ್ನ ರಜೆ ಹೋಯಿತು. ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತೆವು.

ಅಧಿಕಾರಿಗಳ ವಿಷಯ ಹೇಳದಿರುವುದೇ ಒಳ್ಳೆಯದು. ನಮ್ಮ ತಾಯಿಗೆ ಅಲರ್ಜಿ ಮಾತ್ರೆಯಿಂದ ಬಾಯಿ ಒಣಗಿ ಸಾಲಾಗಿ ಹಲ್ಲು ಹೋದಾಗಲೂ ಅರ್ಜಿ ಬರೆದಿದ್ದೆ, ಹಲ್ಲು ನೋಡುವ ಮುಂಚೆ ಯಾವ ಮಾತ್ರೆ ತಗೊಳ್ತೀರಿ ಎಂದಾದರೂ ಕೇಳಿಸಿ ಎಂದು. ಉತ್ತರ ಇನ್ನೂ ಬಂದಿಲ್ಲ. ಆಸ್ಪತ್ರೆಯ ಹಲ್ಲಿನ ಕುರ್ಚಿ ಕೆಟ್ಟಾಗ ಬರೆದದ್ದಕ್ಕೂ ಇಲ್ಲ. ಫೋಟೋಕ್ಕೆ ನಿಲ್ಲಲು ಮಾತ್ರ ಎಲ್ಲರಿಗೂ ಪುರುಸೊತ್ತಿದೆ.

ಪ್ರತಿ ಮಗುವಿನ ಕಾರ್ಡಿನಲ್ಲೂ ಅಪಾಯ ಕಡಿಮೆಯೋ, ಜಾಸ್ತಿಯೋ ಎಂದು ಬರೆಯಲಿ. ಜಾಸ್ತಿ ಇದ್ದವರನ್ನು ವರ್ಷಗಟ್ಟಲೆ ಬಿಡದೆ ಮೂರು ತಿಂಗಳಿಗೊಮ್ಮೆ ಕರೆದು ನೋಡಲಿ. ಇದಾಗದಿದ್ದರೆ ಶಿಬಿರವನ್ನೇ ನಿಲ್ಲಿಸಲಿ. ನಿಲ್ಲಿಸುವುದೂ ಬೇಡ, ಸಂಬಂಧಪಟ್ಟವರು ಏನಾದರೂ ಒಂದು ಮಾಡಲಿ. ಸುಮ್ನೆ ಸೀಲು ಹೊಡೆದು ಕಳಿಸಲು ನಾಚಿಕೆಯಾಗಬೇಕು.

— ನೊಂದ ಪೋಷಕರು